ಕೋಮಲಳ ಜಾಡಿ

ಬೀದರಿನಿಂದ ಕೋಮಲ ಫೋನು ಮಾಡಿದಾಗ ಕಾಂತರಾಜು ಸಾರಿಗೆ ಒಗ್ಗರಣೆ ಹಾಕುತ್ತಿದ್ದ. ಒಲೆ ಆರಿಸಿ, ಕೈ ಒರೆಸಿಕೊಂಡು ಫೋನು ಎತ್ತಿದ.

“ಅಣ್ಣ, ಉಪ್ಪಿನಕಾಯಿ ಜಾಡಿ ನಿಮ್ ತಾವೇ ಉಳ್ಕಂಡದೆ ಅಲ್ವಾ? ನಮ್ಮವ್ವಂದು ಅದು. ಅವಳ ನೆನಪಿಗೆ ಇರೋದು ಅದೊಂದೇ. ಕೊರಿಯರ್ ಮಾಡ್ತೀರಾ?”

“ಮಾಡ್ತೀನಿ ಕಣವ್ವ. ಒಡೀದಂಗೆ ಕಳಿಸ್ತೀನಿ.”

ಕೋಮಲ ಬನ್ನೂರಿನ ಕಡೆಯವಳು. ನಂಜನಗೂಡಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಮಗಳು ಸಿಂಧುವಿನೊಂದಿಗೆ ಕಾಂತರಾಜುವಿನ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದಳು. ಮಾವಿನ ಕಾಯಿಯ ಕಾಲ ಬಂದರೆ ಪಿಂಗಾಣಿ ಜಾಡಿಯನ್ನೇ ಎತ್ತಿ ತಂದು, “ಬೇಕಾದಷ್ಟು ತಗಳಿ, ಆಮೇಲೆ ಕೊಡೀರಂತೆ” ಎನ್ನುತ್ತಿದ್ದಳು. ಈ ಸಲ ಹಾಗೆ ಕೊಟ್ಟ ಮೇಲೆ ಅವಳಿಗೆ ವರ್ಗವಾಯಿತು. ಗಡಿಬಿಡಿಯಲ್ಲಿ ಜಾಡಿ ಇಲ್ಲೇ ಉಳಿಯಿತು. ಮದುವೆಯಿಲ್ಲದೆ ಒಬ್ಬನೇ ಇದ್ದ ಕಾಂತರಾಜು ಉಪ್ಪಿನಕಾಯಿ ಮುಗಿದ ಮೇಲೆ ಅದನ್ನು ತೊಳೆದು, ಒಣಗಿಸಿ, ಅಡುಗೆಮನೆಯ ಕಿಟಕಿಯಲ್ಲಿಟ್ಟಿದ್ದ. ಪಕ್ಕದ ಮನೆಗೆ ಬೀಗ ಬಿದ್ದಿದ್ದರೂ ಜಾಡಿ ಕೇಳಿಕೊಂಡು ಒಂದು ದಿನ ಅವರು ಬರಲೇಬೇಕಲ್ಲ ಎಂದುಕೊಂಡಿದ್ದ. ಈಗ ಅದನ್ನು ತಾನೇ ಕಳಿಸಬೇಕು.

ಔಷಧಿ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲೇ ಅವನ ತಲೆ ನರೆತಿತ್ತು. ಭಾನುವಾರ ಅಟ್ಟದಿಂದ ರಟ್ಟಿನ ಡಬ್ಬಗಳನ್ನೆಲ್ಲ ಇಳಿಸಿದ. ಮಿಕ್ಸಿಯ ಡಬ್ಬ ನೋಡಲು ಹೊಸದು, ಆದರೆ ತಳ ಎಂದೋ ನೆನೆದು ಒಣಗಿತ್ತು. ಒಮ್ಮೆ ನೆನೆದ ರಟ್ಟು ಒಣಗಿದರೂ ಮೊದಲಿನ ಗಟ್ಟಿತನ ಬರುವುದಿಲ್ಲ. ಕುಕ್ಕರಿನ ಡಬ್ಬದಲ್ಲಿ ಜಾಡಿಯ ಸುತ್ತ ಎರಡೆರಡು ಬೆರಳು ಜಾಗ ಉಳಿಯಿತು. ಅದೇ ಸರಿ ಎನಿಸಿತು.

ಪಿಂಗಾಣಿಗೆ ಪಿಂಗಾಣಿ ತಾಗಿದರೆ ಮೊದಲ ಕುಲುಕಿಗೇ ಒಡೆಯುತ್ತದೆಂದು ಮುಚ್ಚಳ ತೆಗೆದು ಪೇಪರಿನಲ್ಲಿ ಬೇರೆಯಾಗಿ ಸುತ್ತಿದ. ಇನ್ನು ಜಾಡಿ. ತುಂಬಿ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದು ಹೇಗೆ? ಸಕ್ಕರೆ ತುಂಬಿದರೆ ಭಾರ. ಭಾರ ಹೆಚ್ಚಿದಷ್ಟೂ ಬಿದ್ದಾಗ ಪೆಟ್ಟು ಜೋರು. ಅಂಗಡಿಗೆ ಹೋಗಿ ಕಡ್ಲೆಪುರಿ ತಂದು, ಕವರಿಗೆ ತುಂಬಿ, ಬಿಗಿಯಾಗಿ ಕಟ್ಟಿ ಜಾಡಿಯೊಳಗೆ ಇಳಿಸಿದ. ಸುತ್ತಲೂ ಪೇಪರಿನ ಉಂಡೆಗಳನ್ನು ತುರುಕಿ, ಟೇಪು ಸುತ್ತಿ, ಕಿವಿಯ ಬಳಿ ಅಲ್ಲಾಡಿಸಿದ. ಸದ್ದಿಲ್ಲ.

“ಏನ್ ಸಾ ಇದು, ಡಬ್ಬಕ್ಕಿಂತ ಟೇಪೇ ಜಾಸ್ತಿ ಅದೆ,” ಎಂದ ಮರುದಿನ ಕೊರಿಯರ್ ಅಂಗಡಿಯ ರವಿಕುಮಾರ್.

“ಜಾಡಿ ಕಣಯ್ಯ. ಎಸೀಬ್ಯಾಡ.”

“ನಾನೆಲ್ಲಿ ಎಸೀತೀನಿ? ಮುಂದಿನೋರು ಎಸೀತಾರೆ.”

“ಎಸೆದ್ರೂ ಒಡೆಯಲ್ಲ.”

“ಮತ್ಯಾಕ್ ಸಾ ನನ್ನ ಬೈತೀರಿ?”

ಕಾಂತರಾಜು ಟೇಪಿನ ಅಂಚನ್ನು ಇನ್ನೊಮ್ಮೆ ಒತ್ತಿದ. ಡಬ್ಬದ ಮೇಲಿನಿಂದ ಕೈ ತೆಗೆಯಲಿಲ್ಲ. ಕೊನೆಗೆ ರವಿಕುಮಾರನೇ ಮೆಲ್ಲಗೆ ಎಳೆದುಕೊಂಡ.

ಆ ವಾರ ಕೆಲಸದಿಂದ ಬಂದವನು ಫೋನನ್ನು ಪಕ್ಕದಲ್ಲಿಟ್ಟುಕೊಂಡೇ ಉಣ್ಣುತ್ತಿದ್ದ. ಶನಿವಾರ ಅದು ಸದ್ದು ಮಾಡಿತು.

“ಅಣ್ಣ, ಜಾಡಿ ಬಂತು. ಒಂದು ಗೀರೂ ಆಗಿಲ್ಲ. ಪುರಿಯೆಲ್ಲ ಸಿಂಧು ಒಬ್ಬಳೇ ಖಾಲಿ ಮಾಡಿದ್ಲು. ಮುಚ್ಚಳ ಎಲ್ಲಿ ಇಟ್ರಿ? ಪೇಪರ್ ಉಂಡೆಯೆಲ್ಲ ಬಿಚ್ಚಿ ನೋಡ್ದೆ.”

ಅವನು ತಿರುಗಿ ನೋಡಿದ. ಉಪ್ಪಿನ ಡಬ್ಬಿಯ ಪಕ್ಕದಲ್ಲಿ ಪೇಪರಿನ ಉಂಡೆಯೊಂದು ಕೂತಿತ್ತು. ಮಿಕ್ಕಿದ ಕಾಗದವೆಂದು ವಾರವಿಡೀ ಅದನ್ನು ನೋಡಿಯೂ ಸುಮ್ಮನಿದ್ದ.

“ಇಲ್ಲೇ ಅದೆ ಕಣವ್ವ. ಹಾಕದೇ ಮರ್ತುಬುಟ್ಟೆ. ನಾಳಿದ್ದೇ ಕಳಿಸ್ತೀನಿ.”

“ಬುಡಿ ಅಣ್ಣ, ಅದಕ್ಯಾಕೆ ಇನ್ನೊಂದು ಪಾರ್ಸಲ್ಲು? ಬಾಯಿಗೆ ಬಟ್ಟೆ ಕಟ್ಕತೀನಿ. ಡ್ಯೂಟಿಗೆ ಹೊತ್ತಾಯ್ತು, ಇಡ್ಲಾ?”

“ಇಡವ್ವ.”

ಕಾರ್ಖಾನೆಯಲ್ಲಿ ಅವನ ಕೈಯಿಂದ ಹೋದ ಡಬ್ಬದಲ್ಲಿ ಏನೂ ಬಿಟ್ಟುಹೋದದ್ದಿಲ್ಲ. ನಾಚಿಕೆಯಾಯಿತು. ಉಂಡೆ ಬಿಚ್ಚಿ ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿದ. ಮತ್ತೆ ಅಟ್ಟ ಹತ್ತಿದ. ಚಪ್ಪಲಿಯ ಡಬ್ಬ ತೀರ ದೊಡ್ಡದು, ಸೋಪಿನದು ಚಿಕ್ಕದು. ಮಿಠಾಯಿಯ ಡಬ್ಬ ಅಳತೆಗೆ ಸರಿಯಿತ್ತು, ಆದರೆ ರಟ್ಟು ತೆಳು, ಅಷ್ಟು ದೂರಕ್ಕೆ ನಂಬುವಂತಿರಲಿಲ್ಲ.

ಸರಿಯಾದ ಡಬ್ಬ ಸಿಗುವವರೆಗೆ ಇಲ್ಲೇ ಇರಲಿ ಎಂದು, ಜಾಡಿ ಇದ್ದ ಕಿಟಕಿಯಲ್ಲಿ ಮುಚ್ಚಳವನ್ನು ಇಟ್ಟ.