ಈರಮ್ಮ ಉಳಿಸಿದ ಕಡಲಜೀವಿ

ಸಮುದ್ರದ ನೀರು ತುಂಬಿದ ಬಾಟಲಿಯನ್ನು ಎದೆಗವಚಿಕೊಂಡು ಆದೋನಿಯ ರೈಲು ನಿಲ್ದಾಣದಲ್ಲಿ ಇಳಿಯುವವರು ಅಪರೂಪ. ನನ್ನನ್ನು ಕಂಡ ಆಟೋದವನು ಅದು ಗಂಗಾಜಲವೆಂದು ತಿಳಿದು ಕೈಮುಗಿದ. ಕಾಲೇಜಿನವರೆಗೂ ಗುಂಡಿ ತಪ್ಪಿಸಿ ಮೆಲ್ಲಗೆ ಓಡಿಸಿದ. ಬಾಟಲಿ ಕ್ಷೇಮವಾಗಿರಲೆಂಬ ಸ್ವಾರ್ಥದಿಂದ ನಾನೂ ಅವನ ಭಕ್ತಿಯನ್ನು ತಿದ್ದಲಿಲ್ಲ.

ನಾನು ಸೂಕ್ಷ್ಮಜೀವಿಶಾಸ್ತ್ರ ಕಲಿಸುವವಳು. ನೆಲ್ಲೂರಿನ ಕಡಲಂಚಿನಿಂದ ತಂದ ನೀರಿನಲ್ಲಿ ಯಾವ ಬ್ಯಾಕ್ಟೀರಿಯಾಗಳಿವೆಯೆಂದು ಹುಡುಕಿ, ಅವುಗಳ ಕುಲಗೋತ್ರ ಗೊತ್ತುಮಾಡುವುದು ನನ್ನ ಹವ್ಯಾಸವೋ ಹಟವೋ. ಹತ್ತಿಯ ಊರಿನಲ್ಲಿ ಕುಳಿತು ಕಡಲನ್ನು ಜಾಲಾಡುವ ನನಗೆ ವಿದ್ಯಾರ್ಥಿಗಳು ‘ಉಪ್ಪುನೀರಿನ ಮೇಡಂ’ ಎಂದು ಹೆಸರಿಟ್ಟಿದ್ದರು. ನಾನು ಮಾಡಿದ ಯಾವ ವರ್ಗೀಕರಣವೂ ಅಷ್ಟು ನಿಖರವಾಗಿರಲಿಲ್ಲ.

ಬ್ಯಾಕ್ಟೀರಿಯಾಗಳಿಗೆ ಉಣಿಸಾಗುವ, ಉಪ್ಪು ಬೆರೆಸಿದ ಅಗರ್ ಲೋಳೆಯ ತಟ್ಟೆಗಳ ಮೇಲೆ ಬೆಳೆದವುಗಳಲ್ಲಿ ಬಹುಪಾಲು ಶಾಸ್ತ್ರಕ್ಕೆ ಹಳೆಯ ಪರಿಚಯದವೇ. ಒಂದು ಮಾತ್ರ, ಉಳಿದವೆಲ್ಲ ಬೆಳೆದು ಮುಗಿದ ಮೇಲೆ, ಸಾಸಿವೆಗಿಂತ ಸಣ್ಣ ಕೇಸರಿ ಚುಕ್ಕೆಗಳಾಗಿ ಸಾವಕಾಶವಾಗಿ ತಲೆಯೆತ್ತಿತು. ಹೈದರಾಬಾದಿಗೆ ಕಳಿಸಿ ಅದರ ಜೀನನ್ನು ಓದಿಸಿದಾಗ, ತಿಳಿದ ಯಾವ ಪ್ರಭೇದಕ್ಕೂ ಸರಿಹೊಂದಲಿಲ್ಲ. ಆದರೆ ಹೊಸ ಪ್ರಭೇದವೆಂದು ಜಗತ್ತು ಒಪ್ಪಬೇಕಾದರೆ ಎರಡು ದೇಶಗಳ ಸೂಕ್ಷ್ಮಜೀವಿ ಸಂಗ್ರಹಾಲಯಗಳಿಗೆ ಅದನ್ನು ಜೀವಂತವಾಗಿ ಕಳಿಸಬೇಕು. ಅಷ್ಟರಲ್ಲಿ ನನಗೆ ಕಾಮಾಲೆಯಾಗಿ, ಬಳ್ಳಾರಿಯ ಅಕ್ಕನ ಮನೆಯಲ್ಲಿ ಎರಡು ತಿಂಗಳು ಮಲಗಿದೆ. ಆ ಜೀವಿಯೋ, ಮೂರು ವಾರಕ್ಕೊಮ್ಮೆ ಹೊಸ ತಟ್ಟೆಗೆ ದಾಟಿಸದಿದ್ದರೆ ಸಾಯುವ ಸುಕುಮಾರಿ. ಕಡಲನೀರನ್ನು ಮತ್ತೆ ತರಬಹುದಿತ್ತು. ಅದೇ ಜೀವಿ ಮತ್ತೆ ಸಿಗುವ ಭರವಸೆಯಿರಲಿಲ್ಲ. ನಮ್ಮಲ್ಲಿ ಆ ಕೆಲಸ ಬಲ್ಲವಳು ನಾನೊಬ್ಬಳೇ ಎಂಬ ಜಂಬದಿಂದ ಯಾರಿಗೂ ಫೋನು ಮಾಡದೆ, ಹಾಸಿಗೆಯಲ್ಲೇ ಅದಕ್ಕೆ ತರ್ಪಣ ಬಿಟ್ಟಿದ್ದೆ.

ಮರಳಿ ಬಂದಾಗ ಪ್ರಯೋಗಾಲಯದ ಕಪಾಟಿನಲ್ಲಿ ಕೇಸರಿ ಚುಕ್ಕೆಗಳ ಮೂರು ತಟ್ಟೆಗಳಿದ್ದವು. ಮೇಲೆ ತೆಲುಗಿನಲ್ಲಿ ಬರೆದ ತಾರೀಖು, ಈರಮ್ಮನ ಕೈಬರಹ. ಗಾಜು ತೊಳೆಯುವ ಅಟೆಂಡರ್ ಈರಮ್ಮ ಆಸ್ಪರಿಯ ಕಡೆಯ, ಕುರಿ ಸಾಕುವ ಮನೆಯಾಕೆ. ನಾನು ತಂತಿಯನ್ನು ಬರ್ನರಿನಲ್ಲಿ ಕೆಂಪಗೆ ಕಾಯಿಸಿ, ಆರಿಸಿ, ಚುಕ್ಕೆಗೆ ಮುಟ್ಟಿಸಿ, ಹೊಸ ತಟ್ಟೆಯ ಮೇಲೆ ಗೀರೆಳೆಯುವುದನ್ನು ಆಕೆ ಆರು ವರ್ಷ ಪಕ್ಕದಲ್ಲೇ ನಿಂತು ನೋಡಿದ್ದಳು. ಫ್ರಿಜ್ಜಿನಲ್ಲಿ ನಾನು ಮಾಡಿಟ್ಟಿದ್ದ ಖಾಲಿ ತಟ್ಟೆಗಳನ್ನೇ ತೆಗೆದುಕೊಂಡಳಂತೆ. ಮೊದಲು ಗೀರಿದ ಎರಡಕ್ಕೆ ಬೂಷ್ಟು ಹಿಡಿಯಿತು, ಮೂರನೆಯದು ನಿಂತಿತು; ಕಪಾಟಿನ ತಟ್ಟೆಗಳಿಗೆ ಅದರಿಂದಲೇ ದಾಟಿಸಿದ್ದಳು. ಎಂ.ಎಸ್ಸಿ. ಓದುವಾಗ ನನಗೆ ಐದು ತಟ್ಟೆ ಬೇಕಾಗಿದ್ದವು.

ಹೇಗೆ ಧೈರ್ಯ ಬಂತೆಂದು ಕೇಳಿದೆ.

“ಕುರಿ ಯಾರವಾದ್ರೇನ್ರಿ ಮೇಡಂ,” ಅಂದಳು ಈರಮ್ಮ. “ಮಾಲಕರು ಜಡ್ಡಾಗಿ ಮಲಗಿದ್ರ ಹಿಂಡು ಉಪಾಸ ಕೆಡವಾಕ ಆಗತೈತೇನು?”

ನನ್ನ ಕಣ್ಣು ತುಂಬಿದ್ದಕ್ಕೆ ಕಾಮಾಲೆಯ ನಿಶ್ಶಕ್ತಿಯನ್ನು ದೂರಿದೆ.

ಹೊಸ ಪ್ರಭೇದಕ್ಕೆ ಆಕೆಯ ಹೆಸರನ್ನೇ ಇಡುತ್ತೇನೆಂದಾಗ ಮಾತ್ರ ಗಾಬರಿಯಾದಳು. ನಾಳೆ ಊರಲ್ಲಿ ಯಾರಿಗಾದರೂ ಜ್ವರ ಬಂದರೆ ಈರಮ್ಮನಿಂದಲೇ ಬಂತೆಂದು ಜನ ಆಡಿಕೊಳ್ಳುತ್ತಾರೆಂಬುದು ಆಕೆಯ ಆಕ್ಷೇಪ. ಇದು ಕಡಲಲ್ಲಿ ಕೊಳೆತದ್ದನ್ನು ತಿಂದು ಬದುಕುವ ಸಾಧುಜೀವಿ, ಯಾರ ತಂಟೆಗೂ ಹೋಗುವುದಿಲ್ಲ ಎಂದು ಮನವರಿಕೆ ಮಾಡುವಷ್ಟರಲ್ಲಿ ಒಂದು ವಾರ ಕಳೆಯಿತು.

ಎರಡೂ ಸಂಗ್ರಹಾಲಯಗಳಿಂದ ಸ್ವೀಕೃತಿಪತ್ರ ಬಂದ ದಿನ, ಅದರಲ್ಲಿ ಲ್ಯಾಟಿನ್ ವೇಷ ತೊಟ್ಟು ಕುಳಿತಿದ್ದ ಆಕೆಯ ಹೆಸರನ್ನು ಬೆರಳಿಟ್ಟು ತೋರಿಸಿದೆ. ಆಕೆ ಹೆಸರಿನತ್ತ ಹೆಚ್ಚು ನೋಡಲಿಲ್ಲ.

“ಅಲ್ಲಿ ಜೀವಂತ ಐತೇನ್ರಿ?” ಎಂದು ಕೇಳಿದಳು.

ಇದೆ, ಚೆನ್ನಾಗಿ ಬೆಳೆಯುತ್ತಿದೆ ಎಂದೆ.

“ಸಾಕು ಬಿಡ್ರಿ,” ಎಂದು ತೊಳೆಯಲು ಬಿದ್ದಿದ್ದ ಗಾಜುಗಳ ಕಡೆಗೆ ತಿರುಗಿದಳು. ನಾನೂ ಸೆರಗು ಸಿಕ್ಕಿಸಿ, ಇನ್ನೊಂದು ಬ್ರಷ್ ತೆಗೆದುಕೊಂಡು ಆಕೆಯ ಪಕ್ಕದಲ್ಲಿ ನಿಂತೆ.