ಮೈಬು ಕಾಕಾನ ಆಣೆ

ಮೈಬು ಕಾಕಾ ನಮ್ಮ ಮನೆಗೆ ಬಂದರೆ ಬಾಗಿಲಲ್ಲಿ ನಿಂತು ಕೂಗುವ ಪದ್ಧತಿ ಇರಲಿಲ್ಲ. ನೆಟ್ಟಗೆ ಅಡುಗೆಮನೆಗೆ ನಡೆದು, ಒಲೆಯ ಮೇಲಿನ ಬೋಗುಣಿಯ ಮುಚ್ಚಳ ಎತ್ತಿ, "ಇವತ್ತೂ ಪುಂಡಿಪಲ್ಯಾನ ಏನು ಭಾಬಿ?" ಎಂದು ಅವ್ವನನ್ನು ಗದರಿಸಿ, ಆಮೇಲೆ ಅದನ್ನೇ ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಿದ್ದರು. ಹುಬ್ಬು, ಮೀಸೆ, ಕಿವಿಯ ಕೂದಲು, ಎಲ್ಲದರ ಮೇಲೂ ಹತ್ತಿಯ ಎಳೆ. ಸುರಪುರದ ಬಜಾರಿನಲ್ಲಿ ಅವರದು ಗಾದಿ ಅಂಗಡಿ. ನಮ್ಮ ಪಕ್ಕದ ಮನೆ ಅವರದು. ಅಪ್ಪನೂ ಅವರೂ ಒಂದೇ ಶಾಲೆಯಲ್ಲಿ ಓದಿದವರು. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ತೀರಿಕೊಂಡ. ಅಲ್ಲಿಂದ ಮುಂದೆ ನನ್ನ ಓದಿನ ವಿಷಯದಲ್ಲಿ ಅವ್ವನ ಮಾತೂ ನಡೆಯಲಿಲ್ಲ, ನನ್ನ ಮಾತೂ ನಡೆಯಲಿಲ್ಲ. "ಓದಾಕಿ ಆಕಿ, ಓದಸಾಂವ ನಾ. ನಡುವ ನಿಮ್ಮದೇನ್ರಿ?" ಎಂದು ಹೆತ್ತವಳನ್ನೇ ಕೇಳುವ ಮನುಷ್ಯ. ಬೇಡ ಎನ್ನಲು ಒಮ್ಮೆ "ನಕ್ಕೋ" ಎಂದರೆ ಮುಗಿಯಿತು, ಬ್ರಹ್ಮ ಬಂದರೂ ಅಲುಗುತ್ತಿರಲಿಲ್ಲ.

ರಾಯಚೂರಿನಲ್ಲಿ ಕೃಷಿ ಪದವಿ ಮುಗಿಸಿದ ನನಗೆ ಐರ್ಲೆಂಡಿನ ವಿಶ್ವವಿದ್ಯಾಲಯವೊಂದರಲ್ಲಿ ಸೀಟು ಸಿಕ್ಕಿತು. ಖರ್ಚು ಹೊರುವವರು ಕಾಕಾ. ವೀಸಾ ಅರ್ಜಿ ತುಂಬಿಸಲು ಕಲಬುರಗಿಯ ಏಜೆಂಟನ ಬಳಿ ಅವ್ವ, ಕಾಕಾ, ನಾನು ಮೂವರೂ ಹೋದೆವು.

"ಹುಡುಗಿಗೆ ನೀವೇನಾಗಬೇಕ್ರಿ?" ಎಂದು ಆತ ಕಾಕಾನನ್ನು ಕೇಳಿದ.

"ಕಾಕಾ ಆಗಬೇಕು. ಇದೇನು ಕೇಳೂ ಮಾತೇನೋ?"

ಆತ 'ತಂದೆಯ ತಮ್ಮ' ಎಂದು ಟೈಪು ಮಾಡಿದ. ಓದಿಯೂ ಹೇಳಿದ. ಮೂವರೂ ತಲೆಯಾಡಿಸಿದೆವು. ನಮ್ಮ ಓಣಿಯಲ್ಲಿ ಯಾರನ್ನು ಕೇಳಿದ್ದರೂ ಹಾಗೇ ಹೇಳುತ್ತಿದ್ದರು. ದೇವರಾಣೆ, ಅದರಲ್ಲೊಂದು ಸುಳ್ಳಿದೆ ಎಂದು ನಮಗೆ ಹೊಳೆಯಲೇ ಇಲ್ಲ.

ವೀಸಾ ಕಚೇರಿಯವರಿಗೆ ಹೊಳೆಯಿತು. ಅಪ್ಪನ ಹೆಸರು ಶರಣಪ್ಪ, ತಮ್ಮನ ಹೆಸರು ಮೈಬೂಬಸಾಬ. ಒಡಹುಟ್ಟಿದವರು ಎನ್ನಲು ಒಂದು ದಾಖಲೆಯೂ ಇಲ್ಲ. ಖರ್ಚು ಕೊಡುವವರ ಸಂಬಂಧ ನಂಬುವಂತಿಲ್ಲವೆಂದು ವೀಸಾ ನಿರಾಕರಿಸಿದರು. ಮೇಲ್ಮನವಿಗೆ ಅವಕಾಶವಿತ್ತು, ಆದರೆ ಒಂದೇ ಸಲ. ಅದೂ ಬಿದ್ದರೆ ಸೀಟು ಕೈತಪ್ಪಿದ ಹಾಗೆಯೇ. ಕ್ಲಾಸು ಶುರುವಾಗುವ ದಿನ ಹತ್ತಿರ ಬರುತ್ತಿತ್ತು. ನನಗೆ ಊಟ ಸೇರುತ್ತಿರಲಿಲ್ಲ, ಫೋನು ಗುಂಯ್ ಎಂದರೆ ಓಡಿ ಹೋಗಿ ನೋಡುತ್ತಿದ್ದೆ.

ಶಹಾಪುರದ ವಕೀಲರೊಬ್ಬರು ದಾರಿ ಹೇಳಿದರು. "ಇದ್ದದ್ದು ಇದ್ದಂಗ ಬರಿಯೂಣು. ಈಕಿಗೂ ನನಗೂ ರಕ್ತಸಂಬಂಧ ಇಲ್ಲ, ಈಕಿ ತಂದಿ ನನ್ನ ದೋಸ್ತ, ನಾ ಬಾಜೂಮನಿಯಾಂವ, ತಿಳೀದ ತಪ್ಪು ಬರಸೇವಿ ಅಂತ ಇವ್ರು ಪ್ರಮಾಣ ಮಾಡಿ ಸಹಿ ಹಾಕಬೇಕು. ಅದಿಲ್ಲಂದ್ರ ಮೇಲ್ಮನವಿ ನಿಲ್ಲಂಗಿಲ್ಲ."

ಕಾಕಾ ಎದ್ದು ನಿಂತರು. "ಈಕಿ ನನಗ ಏನೂ ಆಗಬೇಕಾಗಿಲ್ಲ ಅಂತ ಖುದಾನ ಮ್ಯಾಲೆ ಆಣಿ ಮಾಡ್ಲಿ? ನಕ್ಕೋ!"

ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಸುರಪುರಕ್ಕೆ ಮರಳುವ ಬಸ್ಸಿನಲ್ಲಿ ನಮ್ಮನ್ನು ಬಿಟ್ಟು ಡ್ರೈವರನ ಹಿಂದಿನ ಸೀಟಿನಲ್ಲಿ ಕೂತರು. ಮರುದಿನದಿಂದ ನಮ್ಮ ಮನೆ ಕಡೆ ಸುಳಿಯಲಿಲ್ಲ.

ಸ್ವಲ್ಪ ಕಾಯೋಣ ಎಂದಳು ಅವ್ವ. ಕಾಯುವ ತಾಳ್ಮೆ ಯಾರಿಗಿತ್ತು? ಅಂಗಡಿಗೇ ಹೋದೆ. ಕಾಕಾ ದಬ್ಬಣ ಹಿಡಿದು ಗಾದಿ ಹೊಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಒಂದು ಸಹಿ ಕಾಕಾ! ನಿಮ್ಮ ಹಟಕ್ಕ ನನ್ನ ಜೀವನ ಹಾಳಾಗಾಕತ್ತೈತಿ!" ಎಂದು ಬಜಾರಿಗೆಲ್ಲ ಕೇಳುವಂತೆ ಚೀರಿದೆ.

"ನಿಮ್ಮಪ್ಪನ ಮಣ್ಣಿಗೆ ಹೆಗಲು ಕೊಟ್ಟೀನಿ. ಆವತ್ತು ಯಾವ ಮಗಾನೂ ಕಾಗದ ಕೇಳಲಿಲ್ಲ," ಎಂದರು ಕಾಕಾ. "ನಿನ್ನ ಕಿವಿ ಚುಚ್ಚೂ ಮುಂದ, ನಿಮ್ಮವ್ವಗ ಅಣ್ತಮ್ಮರಿಲ್ಲಂತ ನನ್ನ ತೊಡಿ ಮ್ಯಾಲೆ ಕುಂದ್ರಿಸಿದ್ರು. ಹೆಂಗ ಅತ್ತಿದ್ದಿ! ಈಗ ಏನೂ ಅಲ್ಲಂತ ಬರಕೊಡಬೇಕಂತ."

ಮತ್ತೆ ಗಾದಿಗೆ ದಬ್ಬಣ ಚುಚ್ಚಿ ದಾರ ಎಳೆದರು. ನನಗೆ ಅಳು ಬಂತು, ಆದರೆ ಸಿಟ್ಟು ಇಳಿಯಲಿಲ್ಲ. ಹಾಗೇ ಮನೆಗೆ ಬಂದುಬಿಟ್ಟೆ.

ನಡೆದದ್ದನ್ನು ಕೇಳಿದ ಅವ್ವ ಸಂಜೆ ತಾನೇ ಅವರ ಮನೆಗೆ ಹೋದಳು. ನಾನು ಹಿಂದೆ ನಿಂತಿದ್ದೆ. "ಭಾಯಿ, ಆ ಕಾಗದದಾಗ ಇದನ್ನೂ ಬರಸ್ರಿ. ಮಣ್ಣಿಂದೂ ಬರಸ್ರಿ, ಕಿವಿ ಚುಚ್ಚಿದ್ದೂ ಬರಸ್ರಿ. ರಕ್ತ ಇಲ್ಲ ಅನ್ನೋದು ಒಂದು ಸಾಲು. ಉಳಿದದ್ದು ಓದಿದವ್ರು ತಿಳ್ಕೊಳ್ಳಲಿ," ಎಂದಳು. ಕಾಕಾ ತಂಬಿಗೆ ಎತ್ತಿ ನೀರು ಕುಡಿದರು. ಆಮೇಲೆ, "ಮುಂಜಾನಿ ಬಸ್ಸಿಗೆ ಹೋಗೂಣು," ಎಂದರು.

ವಕೀಲರು ಇಂಗ್ಲಿಷಿನಲ್ಲಿ ಬರೆದ ಒಂದೊಂದು ಸಾಲನ್ನೂ ಕಾಕಾ ಕನ್ನಡದಲ್ಲಿ ಹೇಳಿಸಿಕೊಂಡರು. 'ರಕ್ತಸಂಬಂಧವಿಲ್ಲ' ಎಂಬುದು ಬಂದಾಗ ಕಿಟಕಿ ಕಡೆ ಮುಖ ತಿರುಗಿಸಿದರು. ಸಹಿ ಹಾಕಿ ಹೊರಗೆ ಹೋದವರು ಬೇವಿನ ಗಿಡದ ಕೆಳಗೆ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಕೂತುಬಿಟ್ಟರು. ಹತ್ತಿರ ಹೋಗುವ ಧೈರ್ಯ ನನಗಾಗಲಿಲ್ಲ.

ಮೇಲ್ಮನವಿ ಹೋಯಿತು. ವಾರಗಳು ಕಳೆದರೂ ಉತ್ತರವಿಲ್ಲ. ಇನ್ನು ಆಸೆ ಬಿಡು ಎಂದು ಅವ್ವನೇ ಹೇಳತೊಡಗಿದ್ದಾಗ ಒಪ್ಪಿಗೆ ಬಂತು. ಅವ್ವ ಹಿತ್ತಲ ಗೋಡೆಯಾಚೆಗೆ ಕೂಗಿ ಹೇಳಿದಳು. ಆ ಕಡೆಯಿಂದ "ಹೌ" ಎಂದರು ಕಾಕಾ. ಅಷ್ಟೇ.

ನಾನು ಹೊರಟ ದಿನ ಯಾದಗಿರಿ ಸ್ಟೇಷನ್ನಿನಲ್ಲಿ ಅವರನ್ನು ನೋಡಿದ್ದೇ ಕೊನೆ. ಆ ಚಳಿಗಾಲದಲ್ಲಿ ಕಾಕಾ ಎದೆನೋವಿನಿಂದ ತೀರಿಕೊಂಡರು, ನನಗೆ ಮಣ್ಣಿಗೆ ಬರಲಾಗಲಿಲ್ಲ. ಹೊರಟ ಆ ದಿನ ಸ್ಟೇಷನ್ನಿನಲ್ಲಿ ಮುಂಬೈ ಗಾಡಿಗೆ ಕಾಯುತ್ತಿದ್ದಾಗ ಪಕ್ಕದಲ್ಲಿದ್ದ ಹೆಂಗಸೊಬ್ಬರು ನನ್ನ ಬ್ಯಾಗು ನೋಡಿ ಕಾಕಾನನ್ನು ಕೇಳಿದರು: "ಮಗಳೇನ್ರಿ?"

"ಅಲ್ರಿ. ಬಾಜೂಮನಿ ಹುಡುಗಿ."

ಎದೆಗೆ ಒದ್ದಂತಾಯಿತು. ಕಾಕಾನ ಸಿಟ್ಟು ಇನ್ನೂ ಹೋಗಿಲ್ಲ ಎಂದುಕೊಂಡೆ. ಕಾಕಾ ನನ್ನ ರಟ್ಟೆ ಹಿಡಿದು ಬದಿಗೆ ಎಳೆದರು. "ಸುಮ್ನಿರು ಬೇಟಿ. ಆಣಿ ಮಾಡಿ ಬರಕೊಟ್ಟೀನಿ. ಯಾರರ ಕೇಳಿಸ್ಕೊಂಡು ಹೇಳಿಬಿಟ್ರ ವೀಸಾ ಕಿತ್ಕೋತಾರ. ನೀ ಅಲ್ಲಿ ಮುಟ್ಟೂ ತನಕ ನೀ ಯಾರೋ, ನಾ ಯಾರೋ."

ಹಾಗೇನಿಲ್ಲ ಕಾಕಾ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಗಾಡಿ ಹೊರಟಾಗ ಅವ್ವ ಅಳುತ್ತ ಕೈಬೀಸಿದಳು. ಕಾಕಾ ಚಹಾದ ಅಂಗಡಿ ಕಡೆ ಮುಖ ಮಾಡಿ, ಪರರಂತೆ ನಿಂತಿದ್ದರು.

ಡಬ್ಲಿನ್ನಿನಲ್ಲಿ ಇಳಿದು, ಪಾಸ್‌ಪೋರ್ಟಿಗೆ ಮುದ್ರೆ ಬಿದ್ದ ಕೂಡಲೇ ಅಂಗಡಿಗೆ ಫೋನು ಮಾಡಿದೆ.

"ಮುಟ್ಟಿದೆ ಕಾಕಾ."

"ಒಳಗ ಬಿಟ್ರಾ? ಖರೇನ?"

"ಬಿಟ್ರು ಕಾಕಾ."

ಫೋನು ಕಿವಿಯಿಂದ ತೆಗೆದಿರಬೇಕು. ಅವರು ಬಜಾರಿನ ಕಡೆ ತಿರುಗಿ ಕೂಗುತ್ತಿದ್ದುದು ನನಗೆ ದೂರದಿಂದ ಕೇಳಿಸಿತು: "ಏ, ನನ್ನ ಮಗಳು ಮುಟ್ಯಾಳ್ರೋ!"