ಬಗ್ಗದ ಬೆರಳು

ಮನೆಮನೆಗೆ ಹೋಗಿ ಗಿಟಾರ್ ಕಲಿಸೋದು ನನ್ನ ಕೆಲಸ. ಕೆಂಗೇರಿ ಉಪನಗರದ ವಸಂತಾ ಆಂಟಿ ನನ್ನ ಶಿಷ್ಯರಲ್ಲೆಲ್ಲ ಹಿರಿಯರು, ನಿವೃತ್ತ ಗಣಿತದ ಮೇಡಂ. ಸ್ಕೂಟರಿನಿಂದ ಬಿದ್ದಮೇಲೆ ಅವರ ಎಡಗೈ ತೋರುಬೆರಳು ಬಗ್ಗುತ್ತಿರಲಿಲ್ಲ. ಮೂರು ಬೆರಳಲ್ಲಿ ಮೂರು ತಂತಿ ಒತ್ತಿ ನುಡಿಸುವ ಸಿ ಕಾರ್ಡ್ ಹಿಡಿಯಲು ವಾರಗಟ್ಟಲೆ ಒದ್ದಾಡಿ, ಕೊನೆಗೊಂದು ದಿನ ಗಿಟಾರನ್ನು ದಿವಾನ್ ಮೇಲೆ ಮಲಗಿಸಿಬಿಟ್ಟರು.

“ಸಾಕಪ್ಪ, ಈ ಕೈಲಿ ಆಗಲ್ಲ. ಇನ್ಮೇಲೆ ಬರಬೇಡ.”

ಗಿಟಾರನ್ನೆತ್ತಿ ಮತ್ತೆ ಅವರ ಕೈಗಿಟ್ಟು, ಸಿ ಕಾರ್ಡ್ ಹಿಡಿಸಿದೆ. ಆಮೇಲೆ ಹೇಳಿದೆ: “ಆಂಟಿ, ಆ ಬೆರಳನ್ನ ಎತ್ತೇಬಿಡಿ. ಮಿಕ್ಕ ಎರಡು ಇದ್ದಲ್ಲೇ ಇರಲಿ. ಒಂದ್ಸಲ ಮೀಟಿ.”

ಮೀಟಿದರು. ಸಿ ಕಾರ್ಡಿನದೇ ನಾದ, ಆದರೆ ಇನ್ನೂ ಮೆತ್ತಗೆ, ಏನನ್ನೋ ನೆನೆಸಿಕೊಂಡ ಹಾಗೆ. ಅವರೆಕಾಯಿ ಬಿಡಿಸುತ್ತಿದ್ದ ಅಂಕಲ್ ಅಡುಗೆಮನೆ ಬಾಗಿಲಿಗೆ ಬಂದು ನಿಂತರು.

“ತಪ್ಪಾಯ್ತಾ?” ಅಂದರು ಆಂಟಿ.

“ಇಲ್ಲ ಆಂಟಿ. ಇದು ಬೇರೆಯದೇ ಕಾರ್ಡ್, ಸಿ ಮೇಜರ್ ಸೆವೆನ್.”

“ನನ್ನ ಸಮಾಧಾನಕ್ಕೆ ಹೆಸರು ಕಟ್ಟಬೇಡ.”

ನಾನೂ ತೋರುಬೆರಳೆತ್ತಿ ನನ್ನ ಗಿಟಾರಿನಲ್ಲಿ ನುಡಿಸಿದೆ. ಅದೇ ನಾದ. ಆಂಟಿ ಮತ್ತೆ ಮತ್ತೆ ಮೀಟಿದರು. ಕಣ್ಣು ತುಂಬಿತ್ತು. ಸೆರಗಲ್ಲಿ ಒರೆಸಿಕೊಂಡು, ಮೇಡಂ ದನಿಯಲ್ಲೇ ಕೇಳಿದರು:

“ಹಾಗಾದ್ರೆ ನೀವೆಲ್ಲ ಇಷ್ಟು ದಿನ ಒಂದು ಬೆರಳು ಸುಮ್ನೆ ಜಾಸ್ತಿ ಹಾಕ್ತಾ ಇದ್ರಾ?”

ಅವತ್ತಿನಿಂದ ಆ ಮನೆಗೆ ಮಾತ್ರ ನಾನು ಪರೀಕ್ಷೆಗೆ ಹೋಗೋ ಹಾಗೆ ಓದಿಕೊಂಡೇ ಹೋಗ್ತೀನಿ.